ಮಾಚಯ್ಯನ ಇಸ್ತ್ರಿ ಪೆಟ್ಟಿಗೆಯ ಹನ್ನೊಂದು ಸೆಕೆಂಡು

ನಾನೊಂದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ಕರೆಂಟಿನದಲ್ಲ, ಕೆಂಡದ್ದು. ಹೊಟ್ಟೆಯೊಳಗೆ ಬೆಂಕಿ, ಮೇಲೆ ಮರದ ಹಿಡಿ, ಪಕ್ಕಗಳಲ್ಲಿ ಉಸಿರಾಡಲು ಸಾಲಾಗಿ ತೂತುಗಳು, ಮುಚ್ಚಳ ತೆರೆಯದಂತೆ ಒಂದು ಕೊಂಡಿ. ನನ್ನ ಮುಖ ಇರುವುದು ಕೆಳಗಡೆ. ಹಾಗಾಗಿ ಜನರ ಮುಖಕ್ಕಿಂತ ಅವರ ಬಟ್ಟೆಯನ್ನೇ ನಾನು ಹೆಚ್ಚು ನೋಡಿದ್ದೇನೆ. ಕೊರಳಪಟ್ಟಿ ನೋಡಿದರೆ ಯಾರು ಎಷ್ಟು ಬೆವರುತ್ತಾರೆ, ಮೊಣಕೈ ನೋಡಿದರೆ ಎಲ್ಲಿ ಒರಗಿ ಕೂರುತ್ತಾರೆ, ಜೇಬು ನೋಡಿದರೆ ಏನನ್ನು ಮರೆಯುತ್ತಾರೆ ಎಂದು ಹೇಳಬಲ್ಲೆ. ಬಟ್ಟೆಯ ಒಳಗಿರುವ ಮನುಷ್ಯನ ವಿಷಯದಲ್ಲಿ ಮಾತ್ರ ನನ್ನ ಅಂದಾಜು ಬಹಳ ಸಲ ತಪ್ಪಿದೆ.

ನಾನು ಹುಟ್ಟಿದ್ದು ನಾಗಮಂಗಲದ ಒಂದು ಎರಕದ ಮನೆಯಲ್ಲಿ. ಅಲ್ಲಿ ದೇವರ ವಿಗ್ರಹ ಎರೆಯುವವರು ಉಳಿದ ಹಿತ್ತಾಳೆಯಲ್ಲಿ ನನ್ನನ್ನು ಎರೆದರು. ನನ್ನ ಜೊತೆಗೇ ಒಂದು ಬಾಲಕೃಷ್ಣನ ವಿಗ್ರಹವೂ ತಯಾರಾಯಿತು. ಅದಕ್ಕೆ ಬೆಣ್ಣೆ, ನನಗೆ ಬೆಂಕಿ. ಈ ಬಗ್ಗೆ ನನಗೇನೂ ತಕರಾರಿಲ್ಲ. ವಿಗ್ರಹಕ್ಕೆ ವರ್ಷಕ್ಕೊಂದು ಹಬ್ಬವಾದರೆ ನನಗೆ ದಿನಾ ಕೆಲಸವಿತ್ತು.

ನನ್ನನ್ನು ಕೊಂಡುಕೊಂಡವನು ಗುಬ್ಬಿ ಕಡೆಯ ಒಂದು ಹಳ್ಳಿಯ ಮಡಿವಾಳ ಹನುಮಯ್ಯ. ಆ ಊರಲ್ಲಿ ಹನುಮಯ್ಯನಿಲ್ಲದೆ ಮದುವೆ ನಡೆಯುತ್ತಿರಲಿಲ್ಲ. ಗಂಡು ಹೆಣ್ಣು ಚಪ್ಪರಕ್ಕೆ ಬರುವಾಗ ಅವರ ಕಾಲ ಕೆಳಗೆ ಒಗೆದ ಮಡಿ ಸೀರೆ ಹಾಸುವವನು ಅವನೇ. ನಡೆಮಡಿ ಎನ್ನುತ್ತಾರೆ ಅದಕ್ಕೆ. ಎಂಥ ಗೌಡನ ಮಗನಾದರೂ ಹನುಮಯ್ಯ ಹಾಸುವ ತನಕ ಅಂಗಳದಲ್ಲಿ ಕಾಯಬೇಕು. ಉಳಿದ ದಿನ ಇದೇ ಹನುಮಯ್ಯ ಅದೇ ಗೌಡರ ಹಿತ್ತಿಲ ಬಾಗಿಲಲ್ಲಿ ನಿಂತು ಕೊಳೆಬಟ್ಟೆ ಕೇಳಬೇಕಿತ್ತು. ಒಂದು ದಿನದ ಗೌರವಕ್ಕೆ ವರ್ಷವೆಲ್ಲ ಬೆನ್ನು ಬಾಗಿಸುವುದು ಅವನಿಗೆ ಸಹಜವಾಗಿ ಕಾಣುತ್ತಿತ್ತು. ಅವನು ಮಗನಿಗೆ ಹೇಳಿಕೊಟ್ಟದ್ದು ಎರಡೇ ಪಾಠ. ನಾವು ಮಡಿ ಕೊಡೋ ಜನ ಅನ್ನುವುದು ಒಂದು. ಇನ್ನೊಂದು ನನ್ನ ಕಾವು ನೋಡುವ ಬಗೆ.

ಆ ಎರಡನೆಯ ಪಾಠವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಂಡದ ಪೆಟ್ಟಿಗೆಗೆ ಕಾವು ತೋರಿಸುವ ಗುಂಡಿ ಇರುವುದಿಲ್ಲ. ಎಷ್ಟು ಕಾದಿದ್ದೇನೆ ಎಂದು ಕೈಯೇ ತಿಳಿಯಬೇಕು. ಹನುಮಯ್ಯ ತೋರುಬೆರಳನ್ನು ನಾಲಿಗೆಯ ತುದಿಗೆ ತಾಗಿಸಿ, ನನ್ನನ್ನು ಓರೆಯಾಗಿ ಎತ್ತಿ ತಳಕ್ಕೆ ಚಕ್ಕನೆ ಮುಟ್ಟಿಸುತ್ತಿದ್ದ. ಚುಂಯ್ ಎಂದು ಎಳೆದರೆ ಹತ್ತಿ ಬಟ್ಟೆಗೆ ಸರಿ. ಚಟ್ ಎಂದು ಮುಗಿದರೆ ಇನ್ನೊಂದು ಗಳಿಗೆ ತಡೆಯಬೇಕು. ಪಕ್ಕದಲ್ಲೇ ನೀರಿನ ಬಟ್ಟಲು ಇರುತ್ತಿತ್ತು, ಆದರೂ ಅವನು ನೀರು ಮುಟ್ಟುತ್ತಿರಲಿಲ್ಲ. ನೀರು ಜಾರಿಹೋಗಿ ಸುಳ್ಳು ಹೇಳುತ್ತದೆ, ಎಂಜಲು ಹೇಳುವುದಿಲ್ಲ ಎಂಬುದು ಅವನ ನಂಬಿಕೆ. ನನ್ನ ಪ್ರಕಾರ ಎರಡೂ ಒಂದೇ. ನನ್ನನ್ನು ಯಾರೂ ಕೇಳಲಿಲ್ಲ.

ಹನುಮಯ್ಯ ತೀರಿಕೊಂಡ ಮೇಲೆ ಮಗ ಮಾಚಯ್ಯ ನನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತುಮಕೂರಿಗೆ ಬಂದ. ಊರಾಚೆ ಆಗತಾನೆ ಒಂದು ಬಡಾವಣೆ ಏಳುತ್ತಿತ್ತು. ಮೇಷ್ಟ್ರುಗಳು, ಗುಮಾಸ್ತರು, ಬ್ಯಾಂಕಿನವರು ಸಾಲಾಗಿ ಮನೆ ಕಟ್ಟುತ್ತಿದ್ದರು. ಎರಡನೆಯ ಅಡ್ಡರಸ್ತೆಯ ಹೊಂಗೆಮರದ ಕೆಳಗೆ ಮಾಚಯ್ಯ ತಳ್ಳುಗಾಡಿ ನಿಲ್ಲಿಸಿದ. ಗಾಡಿಯ ಮೇಲೆ ಎರಡು ಕಂಬಳಿ, ಅದರ ಮೇಲೊಂದು ಬಿಳಿ ಬಟ್ಟೆ, ಅದರ ಮೇಲೆ ನಾನು. ಮೂವತ್ತು ವರ್ಷ ಅಲ್ಲಿಂದ ಅಲುಗಲಿಲ್ಲ.

ಆ ಮೂವತ್ತು ವರ್ಷದಲ್ಲಿ ನಾನು ಇಡೀ ಬಡಾವಣೆಯ ಮೈಮೇಲೆ ಓಡಾಡಿದ್ದೇನೆ. ಸರ್ವಮಂಗಳ ಟೀಚರು ಶಾಲೆಗೆ ಉಡುತ್ತಿದ್ದ ಗಂಜಿ ಹಾಕಿದ ಸೀರೆ, ಅವರು ನಿವೃತ್ತರಾದ ದಿನ ಉಟ್ಟ ಸೀರೆ, ಎರಡಕ್ಕೂ ಮಡಿಕೆ ಹಾಕಿದ್ದು ನಾನೇ. ಪೂಜೆಗೆ ಕೂರುವವರ ಪಂಚೆ, ಮಕ್ಕಳ ಸಮವಸ್ತ್ರ, ಹೆಣ್ಣು ನೋಡಲು ಹೊರಟವರ ಅಂಗಿ. ಪ್ರತಿ ಬಟ್ಟೆಗೂ ಮೊದಲು ಮಾಚಯ್ಯನ ಬೆರಳು ನಾಲಿಗೆಗೆ ಹೋಗುತ್ತಿತ್ತು, ನನ್ನ ತಳ ಮುಟ್ಟುತ್ತಿತ್ತು. ಹಗಲು ಬೆಳಕಿನಲ್ಲಿ, ರಸ್ತೆಯ ಬದಿಯಲ್ಲಿ, ಬಟ್ಟೆ ಕೊಡಲು ಬಂದವರ ಎದುರಿಗೇ. ಒಬ್ಬರಾದರೂ ಏನಾದರೂ ಅಂದದ್ದು ನನಗೆ ನೆನಪಿಲ್ಲ. ಮಕ್ಕಳು ಮಾತ್ರ ಆ ಸದ್ದು ಇನ್ನೊಂದು ಸಲ ಮಾಡು ಎಂದು ಕೇಳುತ್ತಿದ್ದರು.

ಅರವತ್ತೈದು ದಾಟಿದ ಮೇಲೆ ಮಾಚಯ್ಯನ ಮಂಡಿ ಕೈಕೊಟ್ಟಿತು. ಮಂಡಿ ಕೈಕೊಡುವುದು ಎಂಬ ಮಾತು ನನಗೆ ಮೊದಲಿಂದಲೂ ವಿಚಿತ್ರವಾಗಿ ಕಾಣುತ್ತದೆ, ಇರಲಿ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು. ನನ್ನನ್ನು ಎತ್ತುವವರು ಯಾರು ಎಂದು ಅವನು ಯೋಚಿಸುತ್ತಿದ್ದಾಗ ರಾಮಾಶೀಷ್ ಬಂದ.

ರಾಮಾಶೀಷ್ ಬಿಹಾರದವನು. ಹತ್ತೊಂಬತ್ತು ವರ್ಷ. ಮನೆಗಳಿಗೆ ನೆಲದ ಕಲ್ಲು ಹಾಸುವ ಗುಂಪಿನ ಜೊತೆ ಬಂದಿದ್ದ. ಕಲ್ಲು ಕೊಯ್ಯುವ ಧೂಳಿಗೆ ಕೆಮ್ಮು ಹತ್ತಿಕೊಂಡು, ಆ ಕೆಲಸ ಆಗುವುದಿಲ್ಲ ಎಂದು ಮೇಸ್ತ್ರಿ ಬಿಟ್ಟುಬಿಟ್ಟಿದ್ದ. ಒಂದು ಮಧ್ಯಾಹ್ನ ಹೊಂಗೆಮರದ ನೆರಳಿಗೆ ಕೂತವನು, ಮಾಚಯ್ಯ ನಡುಗುವ ಕೈಯಲ್ಲಿ ಪಂಚೆ ಮಡಿಸುವುದನ್ನು ನೋಡಲಾರದೆ ಎದ್ದು ಬಂದು ಅದರ ಇನ್ನೊಂದು ತುದಿ ಹಿಡಿದ. ಹಿಡಿದ ರೀತಿಯಲ್ಲೇ ಮಾಚಯ್ಯನಿಗೆ ಗೊತ್ತಾಯಿತು. ಬಟ್ಟೆಯ ಮನೆಯಲ್ಲಿ ಹುಟ್ಟಿದವರು ಮಾತ್ರ ಅಂಚನ್ನು ಎರಡು ಬೆರಳಲ್ಲಿ ಹಾಗೆ ಹಿಡಿಯುತ್ತಾರೆ. ಕೈಸನ್ನೆಯಲ್ಲಿ ಕೇಳಿದಾಗ ಹುಡುಗ ಹೌದೆಂದು ತಲೆಯಾಡಿಸಿದ. ಅವನ ಅಪ್ಪ, ತಾತ ಎಲ್ಲರೂ ಅಲ್ಲಿಯ ಒಂದು ಕೆರೆಯಲ್ಲಿ ಬಟ್ಟೆ ಒಗೆದವರೇ.

ಆ ಸಂಜೆ ಮಾಚಯ್ಯ ಅವನನ್ನು ಮನೆಗೆ ಕರೆದುಕೊಂಡು ಹೋಗಿ ಹೆಂಡತಿಗೆ ತೋರಿಸಿದ.

"ಗೌರಾ, ಇವ್ನು ನಮ್ಮೋನೇ ಕಣೆ. ಭಾಸೆ ಬೇರೆ, ಕೆಲ್ಸ ಒಂದೇ."

ಪುಟ್ಟಗೌರಮ್ಮ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಮುದ್ದೆ ನುಂಗೋದು ಕಲಿಯಲಿ ಎಂದಳು. ಅವನು ಮೊದಲ ದಿನ ಮುದ್ದೆಯನ್ನು ಅಗಿದು ಅಗಿದು ಕಣ್ಣಲ್ಲಿ ನೀರು ತಂದುಕೊಂಡನಂತೆ. ತಿಂಗಳು ಕಳೆಯುವಷ್ಟರಲ್ಲಿ ಎರಡು ಮುದ್ದೆಗೆ ಸಾರು ಸಾಲದು ಎನ್ನುತ್ತಿದ್ದ.

ಹೀಗೆ ನಾನು ಮೂರನೆಯ ಕೈ ಸೇರಿದೆ. ಒಳ್ಳೆಯ ಕೈ. ನನ್ನನ್ನು ತಳ್ಳುತ್ತಿರಲಿಲ್ಲ, ನಡೆಸುತ್ತಿದ್ದ. ಮಾಚಯ್ಯ ಗಾಡಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತು ಒಂದೊಂದೇ ಹೇಳಿಕೊಟ್ಟ. ತೆಂಗಿನ ಚಿಪ್ಪಿನ ಇದ್ದಲು ಎಷ್ಟು, ಬೂದಿ ಯಾವಾಗ ಕೊಡವಬೇಕು, ರೇಷ್ಮೆಗೆ ಮೇಲೆ ತೆಳು ಬಟ್ಟೆ ಹಾಸಬೇಕು. ಬೆರಳಿನ ಪಾಠವೂ ಆಯಿತು. ಹುಡುಗ ನೀರಿನ ಬಟ್ಟಲಿಗೆ ಕೈ ಚಾಚಿದಾಗ ಮಾಚಯ್ಯ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ, ನೀರು ಸುಳ್ಳು ಹೇಳುತ್ತದೆ ಎಂದ. ಅಪ್ಪ ಹೇಳಿದ ಮಾತನ್ನು ಒಂದಕ್ಷರ ಬದಲಿಸದೆ ದಾಟಿಸಿದ. ರಾಮಾಶೀಷ್ ಗುರು ಹೇಳಿದ್ದನ್ನು ಪ್ರಶ್ನೆ ಮಾಡುವವನಲ್ಲ. ಅಂದಿನಿಂದ ಅವನ ಬೆರಳೂ ನಾಲಿಗೆಗೆ ಹೋಯಿತು.

ಕನ್ನಡವನ್ನೂ ಅವನು ಮಾಚಯ್ಯನ ಬಾಯಿಂದಲೇ ಕಲಿತ. ಹಾಗಾಗಿ ಅವನ ಕನ್ನಡ ಬಿಹಾರದ ದನಿಯಲ್ಲಿ ಗುಬ್ಬಿ ಸೀಮೆಯ ಮಾತಾಡುತ್ತಿತ್ತು. ಬಟ್ಟೆ ಕೊಡಲು ಬಂದ ಹೆಂಗಸರನ್ನು ಅವ್ವಾ ಎಂದು ಕರೆದು, ನಾಳೀಕ್ ಕೊಟ್ಟೇನು ಎನ್ನುತ್ತಿದ್ದ. ಸರ್ವಮಂಗಳ ಟೀಚರು ನಕ್ಕು, ಈ ಹುಡುಗ ನನಗಿಂತ ಹಳೆಯ ಕನ್ನಡ ಮಾತಾಡುತ್ತಾನೆ ಎಂದಿದ್ದರು. ಎರಡು ವರ್ಷ ಹೀಗೇ ನಡೆಯಿತು. ಬಡಾವಣೆಯ ಸಂಘದವರು ಗಾಡಿಯ ಜಾಗವನ್ನು ಅವನ ಹೆಸರಿಗೆ ಬರೆದುಕೊಡುವುದಾಗಿ ಒಪ್ಪಿದ್ದರು. ಅದಾದ ಮೇಲೆ ಅಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದು ಅವನು ಪುಟ್ಟಗೌರಮ್ಮನಿಗೆ ಹೇಳಿದ್ದ.

ಇನ್ನು ಆ ಹನ್ನೊಂದು ಸೆಕೆಂಡಿನ ವಿಷಯ.

ಲಿಖಿತ್ ಎಂಬ ಕಾಲೇಜು ಹುಡುಗ ಮೂರನೆಯ ಅಡ್ಡರಸ್ತೆಯವನು. ಕಾಲೇಜಿನಲ್ಲಿ ಪಂಚೆ ಉಟ್ಟು ಬರುವ ದಿನವಿತ್ತು. ಅಪ್ಪನ ಪಂಚೆ ತಂದು, ಬೇಗ ಬೇಕು ಎಂದು ಗಾಡಿಯ ಎದುರಿಗೇ ನಿಂತ. ಸುಮ್ಮನೆ ನಿಲ್ಲಲು ಈಗಿನವರಿಗೆ ಬರುವುದಿಲ್ಲ, ಫೋನು ತೆಗೆದ. ರಾಮಾಶೀಷ್ ಬೆರಳನ್ನು ನಾಲಿಗೆಗೆ ತಾಗಿಸಿ ನನ್ನ ತಳ ಮುಟ್ಟಿದ. "ಇರ್ರಪ್ಪ, ಇನ್ನೂ ಕಾದಿಲ್ಲ" ಎಂದು ಇನ್ನೊಮ್ಮೆ ಮುಟ್ಟಿದ. ಅಷ್ಟೇ ನಡೆದದ್ದು. ಪಂಚೆ ಚೆನ್ನಾಗಿ ಬಂತು. ಲಿಖಿತ್ ಅದನ್ನೇ ಉಟ್ಟುಕೊಂಡು ಕಾಲೇಜಿಗೆ ಹೋದ.

ಅವನದೊಂದು ಪುಟ ಇತ್ತಂತೆ, ಊರಿನ ಸುದ್ದಿ ಹಾಕುವುದು. ನೋಡುವವರು ಕಡಿಮೆ. ಅದರಲ್ಲಿ ಈ ಹನ್ನೊಂದು ಸೆಕೆಂಡನ್ನು ಹಾಕಿ, ರಾಮಾಶೀಷನ ಮಾತನ್ನು ಅಳಿಸಿ, ಆ ಜಾಗಕ್ಕೆ ಡೊಳ್ಳಿನ ಸದ್ದು ಸೇರಿಸಿದ. ಮೇಲೆ ಕೆಂಪಕ್ಷರದಲ್ಲಿ, ಹೊರಗಿನಿಂದ ಬಂದವರು ನಮ್ಮ ಬಟ್ಟೆಗೆ ಉಗುಳುತ್ತಿದ್ದಾರೆ, ಎಚ್ಚರ ಕನ್ನಡಿಗ ಎಂದು ಬರೆದ. ಬಟ್ಟೆಗೆ ಯಾರೂ ಉಗುಳಿರಲಿಲ್ಲ. ಬೆರಳು ಮುಟ್ಟಿದ್ದು ನನ್ನ ಮುಖಕ್ಕೆ. ಅದು ಶುಚಿಯಾದ ಅಭ್ಯಾಸವಲ್ಲ ಎಂದು ನಾನೂ ಒಪ್ಪುತ್ತೇನೆ, ಮುಟ್ಟಿಸಿಕೊಂಡವರಿಗಿಂತ ಚೆನ್ನಾಗಿ ಯಾರು ಬಲ್ಲರು? ಆದರೆ ಎದುರಿಗೆ ನಿಂತಿದ್ದವನು, ಹಾಗೆ ಮಾಡಬೇಡ ಮಾರಾಯ, ನೀರು ಮುಟ್ಟು ಎಂದಿದ್ದರೆ ಹುಡುಗ ಆ ಕ್ಷಣದಿಂದಲೇ ಬಿಡುತ್ತಿದ್ದ. ಅವನಿಗೆ ಹೇಳಬೇಕಾದ ಒಂದು ಮಾತನ್ನು ಅವನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ಹೇಳಲಾಯಿತು.

ಮೂರು ದಿನದಲ್ಲಿ ಅದು ಊರೂರು ದಾಟಿತು, ರಾಮಾಶೀಷನಿಗೆ ಮಾತ್ರ ಏನೂ ತಿಳಿಯಲಿಲ್ಲ. ಬಟ್ಟೆ ಕಡಿಮೆ ಬಂತು, ಅಷ್ಟೇ. ನಾಲ್ಕನೆಯ ದಿನ ಬಿಹಾರದಿಂದ ಅವನ ಅಮ್ಮನ ಫೋನು ಬಂತು. ಸೂರತ್ತಿನಲ್ಲಿರುವ ಚಿಕ್ಕಪ್ಪನ ಮಗ ನೋಡಿ ಮನೆಗೆ ಕಳಿಸಿದ್ದನಂತೆ. ಅಲ್ಲಿ ಹೋಗಿ ಏನು ಮಾಡಿದೆ ಮಗನೇ ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು. ಅವನು ಏನೂ ಮಾಡಿಲ್ಲ ಎಂದ. ಆಮೇಲೆ ಆ ವಿಡಿಯೋ ಹುಡುಕಿ ತೆಗೆದ. ನಾನು ನನ್ನನ್ನೇ ಮೊದಲ ಸಲ ನೋಡಿದ್ದು ಆಗ. ಹೊಳೆಯುತ್ತಿದ್ದೆ, ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಾಣುತ್ತಿದ್ದೆ.

ಅದರ ಕೆಳಗೆ ಜನ ಬರೆದದ್ದನ್ನು ಓದಲು ಅವನಿಗೆ ಬರುತ್ತಿರಲಿಲ್ಲ. ಕನ್ನಡ ಮಾತಾಡಲು ಕಲಿತಿದ್ದ, ಅಕ್ಷರ ಕಲಿತಿರಲಿಲ್ಲ. ಫೋನಿನಲ್ಲಿ ಯಾವುದೋ ಗುಂಡಿ ಒತ್ತಿದ. ಒಬ್ಬ ಹೆಂಗಸಿನ ದನಿ ಎಲ್ಲವನ್ನೂ ಹಿಂದಿಗೆ ತಿರುಗಿಸಿ ಓದತೊಡಗಿತು. ಆ ಹೊತ್ತಿಗೆ ನನಗೂ ಅಷ್ಟಿಷ್ಟು ಹಿಂದಿ ಬಂದಿತ್ತು.

ಬಹಳ ಇಂಪಾದ ದನಿ ಅದು. ರೈಲು ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತನ್ನು ಹೇಳುವಂತೆ ಒಂದೊಂದನ್ನೇ ಹೇಳಿತು. ಇವರನ್ನು ಬಂದ ರೈಲಿಗೇ ಹತ್ತಿಸಿ. ಆ ಬೆರಳನ್ನು ಕತ್ತರಿಸಬೇಕು. ಇವರು ಹೆಚ್ಚಾದ ಮೇಲೇ ನಮ್ಮ ಊರು ಕೊಳಕಾದದ್ದು. ಇಲಿಗಳ ಹಾಗೆ ಬರುತ್ತಾರೆ. ಮೊದಲು ಕನ್ನಡ ಕಲಿ. ಎಲ್ಲಿದ್ದಾನೆ ಹೇಳಿ, ನಾವು ನೋಡಿಕೊಳ್ಳುತ್ತೇವೆ. ಅದರ ಕೆಳಗೆ ಯಾರೋ ಹೊಂಗೆಮರದ ಗುರುತು ಸಮೇತ ವಿಳಾಸ ಕೊಟ್ಟಿದ್ದರು. ನಡುನಡುವೆ ಬರುವ ಚಿತ್ರಗಳನ್ನೂ ಆ ದನಿ ಬಿಡುತ್ತಿರಲಿಲ್ಲ. ನಗುವ ಮುಖ, ನಗುವ ಮುಖ, ಬೆಂಕಿ, ಬೆಂಕಿ, ಬೆಂಕಿ ಎಂದು ಒಂದೇ ಸಮನೆ ಓದಿತು. ಐವತ್ತು ವರ್ಷದಿಂದ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವನು ನಾನು, ಬೆಂಕಿಯನ್ನು ಅಷ್ಟು ತಣ್ಣಗೆ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ.

ಒಂದರ ಹತ್ತಿರ ಅವನು ಬೆರಳು ನಿಲ್ಲಿಸಿದ. ಇಂಥವರನ್ನು ಒದ್ದು ಓಡಿಸಲು ಯಾರ ಅನುಮತಿಯೂ ಬೇಕಿಲ್ಲ ಎಂದು ಬರೆದವರ ಪುಟ್ಟ ಫೋಟೋ ಅಲ್ಲಿತ್ತು. ಅದನ್ನು ದೊಡ್ಡದು ಮಾಡಿ ನೋಡಿದ. ಸಂಘದ ಕಾರ್ಯದರ್ಶಿ ಗಂಗಾಧರಮೂರ್ತಿಯವರು, ಹೋದ ವರ್ಷ ಮಗಳ ಮನೆಯ ಗೃಹಪ್ರವೇಶದ ದಿನ, ಗಂಧದ ಬಣ್ಣದ ಅಂಗಿ ಹಾಕಿಕೊಂಡು ನಗುತ್ತಿದ್ದರು. ಆ ಅಂಗಿಯ ತೋಳಿನ ಗೆರೆ ಕತ್ತಿಯ ಹಾಗೆ ನಿಂತಿತ್ತು. ಅದನ್ನು ನಿಲ್ಲಿಸಿದವರು ನಾವಿಬ್ಬರೇ. ರಾಮಾಶೀಷ್ ಬಹಳ ಹೊತ್ತು ಆ ತೋಳನ್ನೇ ನೋಡಿದ. ಫೋನು ಜೇಬಿಗಿಟ್ಟು, ಉಳಿದಿದ್ದ ನಾಲ್ಕು ಬಟ್ಟೆ ಮುಗಿಸಿದ. ಕಾವು ನೋಡಲು ಈ ಸಲ ನೀರಿನ ಬಟ್ಟಲಿಗೆ ಬೆರಳು ಅದ್ದಿದ.  

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಂಘದವರು ಗಾಡಿಯ ಹತ್ತಿರವೇ ಸೇರಿದರು. ಹದಿನೈದು ಜನ ಇರಬಹುದು. ಮಾಚಯ್ಯ ಕೋಲೂರಿಕೊಂಡು ಬಂದ. ಅವನಿಗೂ ಕುರ್ಚಿ ಕೊಟ್ಟರು. ಗಂಗಾಧರಮೂರ್ತಿ ಫೋನಿನಲ್ಲಿ ಬರೆದಂತೆ ಬಾಯಲ್ಲಿ ಮಾತಾಡುವವರಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಹುಡುಗನ ಮೇಲೆ ನಮಗೆ ದ್ವೇಷವಿಲ್ಲ, ಆದರೆ ಬಡಾವಣೆಯ ಆರೋಗ್ಯದ ಪ್ರಶ್ನೆ, ಹೊರಗಿನ ಜನ ಬಂದು ಗಲಾಟೆ ಮಾಡಿದರೆ ಯಾರು ಹೊಣೆ, ಎಂದೆಲ್ಲ ಹೇಳಿದರು. ಹುಡುಗ ಮಾಡಿದ್ದು ಈ ಕಸುಬಿನಲ್ಲಿ ಇರುವ ಪದ್ಧತಿಯೋ ಅವನೇ ತಂದದ್ದೋ ಎಂದು ತಿಳಿದರೆ ಸಾಕು, ಪದ್ಧತಿಯೇ ಆದರೆ ತಿದ್ದಿಕೊಳ್ಳಲು ಹೇಳಿ ಬಿಟ್ಟುಬಿಡೋಣ ಎಂದರು. ಆಮೇಲೆ ಮಾಚಯ್ಯನ ಕಡೆ ತಿರುಗಿದರು.

"ಮಾಚಣ್ಣ, ನೀನು ಮೂವತ್ತು ವರ್ಷದಿಂದ ನಮ್ಮ ಮನೆ ಪೂಜೆ ಪಂಚೆ ಮಾಡ್ಕೊಟ್ಟೋನು. ನೀನು ಯಾವತ್ತಾದ್ರೂ ಹಿಂಗೆ ಮಾಡಿದ್ಯಾ?"

ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿತ್ತು. ಹೌದು ಎಂದಿದ್ದರೆ ರಾಮಾಶೀಷ್ ಉಳಿಯುತ್ತಿದ್ದ. ಮಾಚಯ್ಯ ನನ್ನ ಕಡೆ ನೋಡಿದ, ಆಮೇಲೆ ಅವರ ಮುಖಗಳ ಕಡೆ ನೋಡಿದ. ಅವನ ತಲೆಯಲ್ಲಿ ಏನು ಓಡಿತೆಂದು ನಾನು ಊಹಿಸಬಲ್ಲೆ. ಅಪ್ಪ ಹಾಸಿದ ನಡೆಮಡಿ. ಮೂವತ್ತು ವರ್ಷದ ಪೂಜೆಯ ಪಂಚೆಗಳು. ಅವೆಲ್ಲ ಮೈಲಿಗೆಯಾಗಿದ್ದವು ಎಂದು ಅವನೇ ತನ್ನ ಬಾಯಿಂದ ಹೇಳಬೇಕು. ಅಲ್ಲಿದ್ದವರಲ್ಲಿ ಹತ್ತು ಜನವಾದರೂ ಅವನ ಬೆರಳು ನಾಲಿಗೆಗೆ ಹೋಗುವುದನ್ನು ಸಾವಿರ ಸಲ ಕಂಡವರು. ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಮರೆತಿದ್ದರೋ, ಯಾವತ್ತೂ ಸರಿಯಾಗಿ ನೋಡಿಯೇ ಇರಲಿಲ್ಲವೋ, ನನಗೆ ತಿಳಿಯದು.

"ಇಲ್ಲ ಸ್ವಾಮಿ," ಎಂದ ಮಾಚಯ್ಯ. "ನಾವು ಮಡಿ ಜನ."

ಗಂಗಾಧರಮೂರ್ತಿ ರಾಮಾಶೀಷನನ್ನು ಕೇಳಿದರು, ಹಾಗಾದರೆ ನೀನೆಲ್ಲಿ ಕಲಿತೆ ಎಂದು. ಹುಡುಗ ಮಾಚಯ್ಯನ ಮುಖ ನೋಡಲಿಲ್ಲ. ನನ್ನ ಹಿಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ.

"ನಮ್ಮೂರಾಗೇ ಕಲ್ತಿದ್ದು ಸಾರ್. ಅಜ್ಜಂದು ಏನೂ ತಪ್ಪಿಲ್ಲ."

ಕನ್ನಡ ಕಲಿ ಎಂದು ನೂರಾರು ಜನ ಅವನಿಗೆ ಬರೆದಿದ್ದರು. ಕಲಿತ ಕನ್ನಡದಲ್ಲಿ ಅವನು ಆ ಬಡಾವಣೆಯಲ್ಲಿ ಆಡಿದ ಕೊನೆಯ ಮಾತು ಅದು.

ಸೋಮವಾರ ಅವನು ಕೊನೆಯ ಸಲ ಬಂದು, ಕೊಡಬೇಕಾಗಿದ್ದ ಬಟ್ಟೆಯನ್ನೆಲ್ಲ ಮುಗಿಸಿದ. ಅದರಲ್ಲಿ ಗಂಗಾಧರಮೂರ್ತಿಯವರ ಎರಡು ಅಂಗಿಗಳೂ ಇದ್ದವು. ನನ್ನನ್ನು ಅವುಗಳ ಮೇಲೆ ನಾಲ್ಕು ಉಸಿರಿನಷ್ಟು ಹೊತ್ತು ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು. ನಾನಂತೂ ಸಿದ್ಧನಿದ್ದೆ. ಅವನು ಬಿಡಲಿಲ್ಲ. ತೋಳಿನ ಗೆರೆಯನ್ನು ಮೊದಲಿನ ಹಾಗೆಯೇ ನಿಲ್ಲಿಸಿದ. ಆಮೇಲೆ ಕೆಂಡ ಕೊಡವಿ, ಹುಣಸೆಹಣ್ಣು ಹಾಕಿ ನನ್ನ ಮೈ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿ, ಮಾಚಯ್ಯನ ಮನೆಯ ಜಗಲಿಯ ಮೇಲೆ ಇಟ್ಟು, ಬಾಗಿಲಲ್ಲೇ ಪುಟ್ಟಗೌರಮ್ಮನ ಕಾಲು ಮುಟ್ಟಿ ಹೋದ. ಮಾಚಯ್ಯ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಪುಟ್ಟಗೌರಮ್ಮ ಎಂಟು ದಿನ ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಒಂಬತ್ತನೆಯ ದಿನ ಮುದ್ದೆ ತಟ್ಟೆಗಿಟ್ಟು ಎದುರಿಗೆ ಕೂತಳು.

"ಆ ಮಗ ನಿನ್ ಮಾನ ಉಳಿಸ್ತು. ನೀನೇನು ಉಳಿಸ್ದೆ, ಹೇಳು?"

ಮಾಚಯ್ಯ ಕೈ ತೊಳೆದು ಎದ್ದ. ಆ ಮಧ್ಯಾಹ್ನವೇ ನನ್ನನ್ನು ಚೀಲದಲ್ಲಿ ಹಾಕಿಕೊಂಡು, ನಾಲ್ಕು ಕಡೆ ನಿಂತು ಸುಧಾರಿಸಿಕೊಂಡು, ಸರ್ವಮಂಗಳ ಟೀಚರ ಮನೆಗೆ ಹೋದ. ಟೀಚರು ಭಾನುವಾರದ ಸಭೆಗೆ ಬಂದಿರಲಿಲ್ಲ. ವಿಷಯ ಗೊತ್ತಿದ್ದೂ ಯಾಕೆ ಸುಮ್ಮನೆ ಬೇಡದ ಮಾತು ಎಂದು ಒಳಗೇ ಉಳಿದಿದ್ದೆ ಎಂದು ಅವರೇ ಒಪ್ಪಿಕೊಂಡರು. ಮಾಚಯ್ಯ ಕೇಳಿದ್ದು ಇಷ್ಟೇ. ನನ್ನದೂ ಒಂದು ವಿಡಿಯೋ ಮಾಡಿ ಹಾಕಿ, ಎಲ್ಲರೂ ನೋಡುವ ಹಾಗೆ ಎಂದು.

ಟೀಚರು ತಮ್ಮ ಒಲೆಯ ಮೇಲೇ ಇದ್ದಲು ಕಾಯಿಸಿ ಕೆಂಡ ಮಾಡಿ ನನಗೆ ತುಂಬಿದರು. ಮಾಚಯ್ಯ ವರಾಂಡದ ಮೆಟ್ಟಿಲ ಮೇಲೆ ಕೂತು ಬೆರಳನ್ನು ನಾಲಿಗೆಗೆ ತಾಗಿಸಿದ, ನನ್ನ ತಳ ಮುಟ್ಟಿದ. ಚುಂಯ್ ಎಂದಿತು. ಫೋನಿನ ಕಡೆ ನೋಡಿ ಹೇಳಿದ.

"ನನ್ನೆಸ್ರು ಮಾಚಯ್ಯ. ಮೂವತ್ತು ವರ್ಷ ನಿಮ್ಮೆಲ್ಲರ ಬಟ್ಟೆಗೂ ನಾನು ಹಿಂಗೇ ಮಾಡಿದ್ದು. ಆ ಹುಡ್ಗುಂಗೆ ಕಲ್ಸಿದ್ದೂ ನಾನೇ. ಅವತ್ತು ಸುಳ್ಳು ಹೇಳ್ದೆ. ಬಯ್ಯೋದಿದ್ರೆ ನನ್ನ ಬಯ್ರಿ."

ಟೀಚರು ಒಂದು ಸದ್ದನ್ನೂ ಅಳಿಸದೆ ಹಾಗೇ ಹಾಕಿದರು.

ಮೂರನೆಯ ದಿನ ಮಾಚಯ್ಯ, ಅಲ್ಲೇ ಬಿಟ್ಟುಹೋಗಿದ್ದ ನನ್ನನ್ನು ಒಯ್ಯಲು ಮತ್ತೆ ಅವರ ಮನೆಗೆ ಬಂದು ನೆಲದ ಮೇಲೆ ಕೂತ. ಸಾವಿರಾರು ಜನ ನೋಡಿದ್ದಾರೆ ಎಂದು ಟೀಚರು ಹೇಳಿದರು. ಓದಿ ಎಂದ. ಬೈಗುಳ ಕೇಳಲು ಮೈ ಗಟ್ಟಿ ಮಾಡಿಕೊಂಡು ಕೂತಿದ್ದ. ಟೀಚರು ಕನ್ನಡಕ ಹಾಕಿಕೊಂಡು ಓದಿದರು. ಎಂಥ ಮುಗ್ಧ ಅಜ್ಜ. ನಮ್ಮ ಹಿರಿಯರ ಜಾಣ್ಮೆಗೆ ಸಾಟಿಯಿಲ್ಲ. ಈ ಕಲೆ ಉಳಿಯಬೇಕು. ಇಂಥ ಸತ್ಯವಂತರು ಈ ಮಣ್ಣಲ್ಲಿ ಮಾತ್ರ ಹುಟ್ಟುತ್ತಾರೆ. ನಮ್ಮಜ್ಜನೂ ಹೀಗೇ ಮಾಡುತ್ತಿದ್ದರು, ಕಣ್ಣು ತುಂಬಿ ಬಂತು. ಕೈಮುಗಿದ ಚಿತ್ರ, ಕೆಂಪು ಹೃದಯ, ಹಳದಿ ಹೃದಯ. ಗಂಗಾಧರಮೂರ್ತಿಯವರೂ ಒಂದು ಹೂವಿನ ಗುಚ್ಛ ಇಟ್ಟಿದ್ದರು. ಮುಂದೆ ಓದಿ, ಇನ್ನೂ ಮುಂದೆ ಓದಿ ಎಂದು ಮಾಚಯ್ಯ ಕೇಳುತ್ತಲೇ ಹೋದ. ಟೀಚರು ಗಂಟಲು ಒಣಗುವ ತನಕ ಓದಿದರು. ಹುಡುಗನ ಹೆಸರನ್ನು ಯಾರೂ ಕೇಳಿರಲಿಲ್ಲ.

"ಒಬ್ರೂ ಬೈಲಿಲ್ವೇನವ್ವ?"

"ಇಲ್ಲ ಮಾಚಣ್ಣ."

ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಪ್ಪ ಸತ್ತಾಗಲೂ ಅತ್ತಿರಲಿಲ್ಲ.

ಟೀಚರು ರಾಮಾಶೀಷನಿಗೆ ಫೋನು ಮಾಡಿಕೊಟ್ಟರು. ಅವನು ಹೊಸೂರಿನ ಯಾವುದೋ ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಿಗೆ ಪಟ್ಟಿ ಅಂಟಿಸುವ ಕೆಲಸಕ್ಕೆ ಸೇರಿದ್ದ. ಮಾಚಯ್ಯ ವಾಪಸ್ಸು ಬಾ ಎಂದ, ಜಗತ್ತಿಗೆಲ್ಲ ನಿಜ ಹೇಳಿದ್ದೇನೆ ಎಂದ. ಹುಡುಗ ನೋಡಿದೆ ಎಂದ. ಅಜ್ಜನ ಕೈ ಮೊದಲಿಗಿಂತ ಸಣಕಲಾಗಿದೆ, ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಬೇಕು ಎಂದ. ಬರುವ ಮಾತಿಗೆ ಮಾತ್ರ, ಬೇಡ ಅಜ್ಜ ಎಂದುಬಿಟ್ಟ. ಅಲ್ಲಿನ ಕೋಣೆಯಲ್ಲಿರುವ ಹುಡುಗರಿಗೂ ಅವನ ವಿಡಿಯೋ ಬಂದಿದೆಯಂತೆ. ಅಜ್ಜನದು ಬಂದಿಲ್ಲವಂತೆ. ಅವನು ಕೆಲಸದಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾನೆ, ಧೂಳಿಗೆ ಎಂದು ಹೇಳಿಕೊಂಡಿದ್ದಾನೆ. ಅವನ ಅಮ್ಮನನ್ನು ಕರೆಸುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ನನ್ನ ಬಗ್ಗೆ ಹೇಳಲು ಇನ್ನು ಹೆಚ್ಚೇನೂ ಇಲ್ಲ. ಹೊಂಗೆಮರದ ಕೆಳಗೆ ಈಗ ಕಾರು ನಿಲ್ಲುತ್ತದೆ. ಬಡಾವಣೆಯವರ ಬಟ್ಟೆಯನ್ನು ಯಾವುದೋ ಅಂಗಡಿಯವರು ವ್ಯಾನಿನಲ್ಲಿ ಒಯ್ದು, ಪ್ಲಾಸ್ಟಿಕ್ ಹೊದಿಸಿ ತಂದುಕೊಡುತ್ತಾರೆ. ಅಲ್ಲಿ ಒಳಗೆ ಯಾರು ಇಸ್ತ್ರಿ ಮಾಡುತ್ತಾರೆ, ಯಾವ ಊರಿನವರು ಎಂದು ಯಾರಿಗೂ ಕಾಣುವುದಿಲ್ಲ, ಕೇಳುವವರೂ ಇಲ್ಲ. ನಾನು ಮಾಚಯ್ಯನ ಜಗಲಿಯ ಮೂಲೆಯಲ್ಲಿ ಇದ್ದೇನೆ. ಹೊಟ್ಟೆಯಲ್ಲಿ ಬೂದಿಯೂ ಇಲ್ಲ. ನಾನು ಬದುಕಿನಲ್ಲಿ ಎರಡು ಬಟ್ಟೆ ಸುಟ್ಟಿದ್ದೇನೆ, ಒಂದು ಹನುಮಯ್ಯನ ಕಾಲದಲ್ಲಿ, ಇನ್ನೊಂದು ಮಾಚಯ್ಯ ಹೊಸಬನಾಗಿದ್ದಾಗ. ಎರಡು ಸಲವೂ ಯಜಮಾನ ಆ ಮನೆಯ ಬಾಗಿಲಿಗೆ ಹೋಗಿ, ಸುಟ್ಟ ಜಾಗವನ್ನು ಬಿಡಿಸಿ ತೋರಿಸಿ, ಬೈಸಿಕೊಂಡು ಬಂದ. ನನಗೆ ಗೊತ್ತಿರುವ ರೀತಿ ಅದೊಂದೇ. ಆ ಹುಡುಗನನ್ನು ಸುಟ್ಟವರಲ್ಲಿ ಒಬ್ಬರೂ ಅವನ ಬಾಗಿಲಿಗೆ ಹೋಗಲಿಲ್ಲ.

ಕಳೆದ ತಿಂಗಳು ಲಿಖಿತ್ ಬಂದಿದ್ದ, ಜೊತೆಗೆ ಇಬ್ಬರು ಗೆಳೆಯರು. ಕೆಟ್ಟ ಹುಡುಗನೇನಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಪುಟ್ಟಗೌರಮ್ಮನಿಗೆ ಕಿತ್ತಳೆ ಹಣ್ಣು ಕೊಟ್ಟು, ಮಾಚಯ್ಯನ ಕಾಲಿಗೆ ನಮಸ್ಕಾರ ಮಾಡಿದ. ಆ ಹಳೆಯ ವಿಡಿಯೋವನ್ನು ನನ್ನ ಪುಟದಿಂದ ತೆಗೆದುಹಾಕಿದ್ದೇನೆ ಅಜ್ಜ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವನ ಪಠ್ಯದಲ್ಲಿ ಇರಲಿಲ್ಲವೋ ಏನೋ. ಆಮೇಲೆ ಮೂಲೆಯಲ್ಲಿದ್ದ ನನ್ನನ್ನು ನೋಡಿ ಅವನ ಕಣ್ಣು ಅರಳಿತು. ಮಾಯವಾಗುತ್ತಿರುವ ಕಸುಬುಗಳು ಎಂದು ಒಂದು ಸರಣಿ ಮಾಡುತ್ತಿದ್ದಾನಂತೆ, ಅಜ್ಜನ ವಿಡಿಯೋಗೆ ಎಷ್ಟು ಜನ ಅತ್ತಿದ್ದರು, ಇನ್ನೊಂದು ಸಲ ಕೆಂಡ ಹಾಕಿ ಆ ಬೆರಳು ಮುಟ್ಟಿಸುವುದನ್ನು ಮಾಡಿ ತೋರಿಸಬೇಕಂತೆ. ಗೆಳೆಯರು ಆಗಲೇ ಫೋನು ಎತ್ತಿ ಹಿಡಿದಿದ್ದರು.

ಮಾಚಯ್ಯ ಕೋಲೂರಿಕೊಂಡು ಎದ್ದು ಬಂದು, ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು ನನ್ನ ಮೇಲೆ ಹೊದಿಸಿದ. ನನಗೆ ಕತ್ತಲಾಯಿತು. ಅವನ ಮಾತು ಮಾತ್ರ ಕೇಳಿಸಿತು.

"ನನಗಿಂತ ಚೆನ್ನಾಗಿ ಮಾಡೋನು ಒಬ್ಬ ಇದ್ದ ಕಣಪ್ಪ. ಅವನು ಮಾಡಿದ್ದು ನಿಮ್ ಫೋನ್ನಾಗೇ ಐತೆ, ನೋಡ್ಕಳಿ."